ಎರಡೆರಡು ವರ್ಷದ ಕಂತಿನ ಬದುಕು

2012ರ ಜೂನ್ 15ರಂದು ಶ್ವೇತಭವನದ ಅಂಗಳದಲ್ಲಿ ಅಧ್ಯಕ್ಷ ಬರಾಕ್ ಒಬಾಮಾ, ದಾಖಲೆಯಿಲ್ಲದೆ ಮಕ್ಕಳಾಗಿ ಅಮೆರಿಕಕ್ಕೆ ಬಂದವರನ್ನು ಗಡೀಪಾರಿನಿಂದ ಕಾಯ್ದು ದುಡಿಯಲು ಬಿಡುವ ಡಾಕಾ ಯೋಜನೆಯನ್ನು ಪ್ರಕಟಿಸಿದಾಗ, ಇದು ತಾತ್ಕಾಲಿಕ ಏರ್ಪಾಡು ಎಂದು ಬಾಯಿಬಿಟ್ಟೇ ಹೇಳಿದ್ದರು. ಶಾಶ್ವತ ಪರಿಹಾರವನ್ನು ಅಮೆರಿಕದ ಕಾಂಗ್ರೆಸ್ ಕಾಯ್ದೆಯ ಮೂಲಕ ಕೊಡಬೇಕಿತ್ತು. ಇಂದಿಗೂ ಕೊಟ್ಟಿಲ್ಲ. ಅಂದು ಹದಿನಾರರ ಹುಡುಗಿಯಾಗಿದ್ದವಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾಳೆ. ಕೈಯಲ್ಲಿರುವುದು ಅದೇ ಎರಡು ವರ್ಷದ ಪರವಾನಗಿ.

ಡಾಕಾ ಪಡೆದವರೆಲ್ಲ ಹದಿನಾರು ತುಂಬುವ ಮೊದಲೇ ಹೆತ್ತವರ ಜೊತೆ ಬಂದವರು, ಬಹುಪಾಲು ಮೆಕ್ಸಿಕೊದಿಂದ. 1982ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಸರ್ಕಾರಿ ಶಾಲೆ ಇವರನ್ನು ಹೊರಗಿಡುವಂತಿರಲಿಲ್ಲ. ಓದು ಮುಗಿದ ಮೇಲೆ ಮಾತ್ರ ದಾರಿ ಕಟ್ಟುತ್ತಿತ್ತು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರಿಗೆ ಸಿಗುತ್ತಿದ್ದದ್ದು ಹೋಟೆಲಿನ ಪಾತ್ರೆ ತೊಳೆಯುವುದು, ಹೊಲದ ಕೊಯ್ಲು, ಕಟ್ಟಡದ ಕೂಲಿ. ಧಣಿ ದುಡ್ಡು ಹಿಡಿದುಕೊಂಡರೆ ದೂರು ಕೊಡಲು ಧೈರ್ಯವಿಲ್ಲ. ಕೊಟ್ಟರೆ ಗಡೀಪಾರಿನ ಭಯ.

ಡಾಕಾ ಇಂಥ 8 ಲಕ್ಷಕ್ಕೂ ಹೆಚ್ಚು ಮಂದಿಗೆ ಹೆಸರಿನ ಸಮೇತ ದುಡಿಯುವ ಹಕ್ಕು ಕೊಟ್ಟಿತು. ಇದು ಸಣ್ಣ ಮಾತಲ್ಲ. ಡ್ರೈವಿಂಗ್ ಲೈಸೆನ್ಸ್ ಬಂತು, ಬ್ಯಾಂಕ್ ಸಾಲ ಬಂತು. ‘ಟೀಚ್ ಫಾರ್ ಅಮೆರಿಕ’ 2013ರಿಂದಲೇ ಇವರನ್ನು ಶಿಕ್ಷಕರಾಗಿ ತೆಗೆದುಕೊಂಡಿತು. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡಿದ ದಾದಿಯರಲ್ಲಿ ಇವರೂ ಇದ್ದರು. ಸಂಬಳದಿಂದ ತೆರಿಗೆ ಎಲ್ಲರಂತೆಯೇ ಮುರಿಯುತ್ತದೆ.

ಆದರೆ ಆ ಪರವಾನಗಿ ಕಾರ್ಡಿನ ಮೇಲೊಂದು ಮುಕ್ತಾಯದ ದಿನಾಂಕವಿದೆ. ನಾಲ್ಕೈದು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು, ಪ್ರತಿ ಸಲ ಐನೂರು ಡಾಲರಿಗೂ ಮೀರಿ ಕಟ್ಟಬೇಕು. ಹೊಸ ಕಾರ್ಡು ತಡವಾದರೆ ಮಾಲೀಕ ಎಷ್ಟೇ ಒಳ್ಳೆಯವನಿರಲಿ, ಕೆಲಸದಿಂದ ಇಳಿಸಲೇಬೇಕು, ಕಾನೂನೇ ಹಾಗಿದೆ. ಬಡ್ತಿ, ಮನೆಸಾಲ, ಮದುವೆ ಎಲ್ಲವನ್ನೂ ಆ ದಿನಾಂಕ ನೋಡಿಕೊಂಡೇ ಯೋಚಿಸಬೇಕು. ಊರಲ್ಲಿ ಅಜ್ಜಿ ತೀರಿಕೊಂಡರೆ ಮೊದಲೇ ಅನುಮತಿ ಪಡೆಯದೆ ಹೋಗುವಂತಿಲ್ಲ, ಹೋದವರು ಹಿಂದಿರುಗುವಂತಿಲ್ಲ.

2017ರ ಸೆಪ್ಟೆಂಬರ್ 5ರಂದು ಟ್ರಂಪ್ ಸರ್ಕಾರ ಯೋಜನೆಯನ್ನು ರದ್ದುಗೊಳಿಸಿ, ಕೊನೆಯ ನವೀಕರಣಕ್ಕೆ ಕೊಟ್ಟದ್ದು ಒಂದೇ ತಿಂಗಳು. 2020ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಆ ರದ್ದತಿಯನ್ನು ತಡೆಯಿತು. 2021ರಲ್ಲಿ ಟೆಕ್ಸಾಸಿನ ನ್ಯಾಯಾಲಯ ಹೊಸಬರಿಗೆ ಮಂಜೂರಾತಿ ನಿಲ್ಲಿಸಿತು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಟೆಕ್ಸಾಸಿನ ಮಟ್ಟಿಗೆ, ಗಡೀಪಾರಿನಿಂದ ರಕ್ಷಣೆಯನ್ನೂ ದುಡಿಯುವ ಅನುಮತಿಯನ್ನೂ ಬೇರೆ ಬೇರೆ ಮಾಡಿತು. ಇರಬಹುದು, ದುಡಿಯುವಂತಿಲ್ಲ ಎಂಬುದು ನಮ್ಮ ದೃಷ್ಟಿಯಲ್ಲಿ ರಕ್ಷಣೆಯೇ ಅಲ್ಲ. ದುಡಿಯದೆ ಮನುಷ್ಯ ಉಣ್ಣುವುದೆಲ್ಲಿಂದ?

ಯೋಜನೆಗೆ ಅರ್ಹರಾಗಲು 2007ರ ಜೂನ್ 15ರಿಂದ ಅಲ್ಲೇ ನೆಲೆಸಿರಬೇಕು. ಇಂದು ಹೈಸ್ಕೂಲು ಮುಗಿಸುವ ಮಕ್ಕಳು ಹುಟ್ಟಿದ್ದೇ ಆ ಹೊತ್ತಿಗೆ. ಅಂದರೆ ಈಗಿನ ಹದಿಹರೆಯದವರು 2012ರ ಹಿಂದಿನ ಕತ್ತಲಿಗೇ ಮರಳಿದ್ದಾರೆ.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರು, ಮೈಸೂರುಗಳಿಂದ ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರುಗಳ ಮಕ್ಕಳು ಅವಲಂಬಿತರ ಎಚ್-4 ವೀಸಾದಲ್ಲಿ ಬೆಳೆಯುತ್ತಾರೆ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಟ್ಟಲೆ ಉದ್ದ. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯಿತು: ವಿದ್ಯಾರ್ಥಿ ವೀಸಾ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಅಲ್ಲಿಯವರೆಗೆ ಓರಗೆಯವರಂತೆ ಬೇಸಿಗೆ ರಜೆಯಲ್ಲಿ ಅಂಗಡಿಯ ಕೆಲಸಕ್ಕೂ ಸೇರುವಂತಿಲ್ಲ. ಡಾಕಾ ಇವರಿಗೆ ಸಿಗಲಿಲ್ಲ. ಕಾನೂನುಬದ್ಧ ವೀಸಾ ಇದ್ದವರನ್ನು ಅದು ಸೇರಿಸಿಕೊಳ್ಳಲೇ ಇಲ್ಲ.

ಡಾಕಾ ಮಕ್ಕಳಂಥವರಿಗೆ ಶಾಶ್ವತ ಪರಿಹಾರ ಕೊಡಬೇಕಿದ್ದ ಡ್ರೀಮ್ ಮಸೂದೆ ಮೊದಲು ಮಂಡನೆಯಾದದ್ದು 2001ರಲ್ಲಿ. 2010ರಲ್ಲಿ ಸೆನೆಟ್‌ನಲ್ಲಿ ಬೇಕಿದ್ದದ್ದು 60 ಮತ, ಬಿದ್ದದ್ದು 55. ಐದು ಮತದ ಆ ಕೊರತೆಗೆ ಒಂದು ತಲೆಮಾರು ತನ್ನ ಯೌವನವನ್ನು ತೆತ್ತಿದೆ. ಅಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರು ಎಚ್-4 ಮಕ್ಕಳಿಗಾಗಿ ತಮ್ಮ ಪ್ರತಿನಿಧಿಗಳಿಗೆ ಬರೆಯುವಾಗ, ಅದೇ ಪತ್ರದಲ್ಲಿ ಡಾಕಾ ಮಕ್ಕಳಿಗಾಗಿಯೂ ಕೇಳಲಿ.