ಮುಚ್ಚಿದ ಪೆಟ್ಟಿಗೆಯಲ್ಲಿ ಹಡಗಿಲ್ಲ

ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಹಡಗಿನ ಪ್ರತಿಕೃತಿಯನ್ನು ಕಟ್ಟುವ ಹವ್ಯಾಸದ ವಿಷಯವಾಗಿ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುತ್ತವೆ. ಇದು ಮಕ್ಕಳಾಟಿಕೆ, ದುಡಿದು ಉಣ್ಣುವವನಿಗೆ ತಕ್ಕುದಲ್ಲ ಎಂಬುದು ಮೊದಲನೆಯದು. ಹಳೆಯ ಪೆಟ್ಟಿಗೆಗಳಿಗೆ ಈಗ ಒಳ್ಳೆಯ ಬೆಲೆ ಬರುವುದರಿಂದ ಅವುಗಳ ಹೊದಿಕೆಯನ್ನೂ ಹರಿಯದೆ ಚಿನ್ನದ ಒಡವೆಯಂತೆ ಕಾದಿರಿಸಬೇಕೆಂಬುದು ಎರಡನೆಯದು. ಈ ಎರಡನ್ನೂ ನಾವು ಒಪ್ಪಲಾರೆವು. ಕಟ್ಟುವುದಕ್ಕಾಗಿ ಮಾಡಿದ ವಸ್ತುವನ್ನು ಕಟ್ಟಬೇಕು; ಅದನ್ನು ಕಟ್ಟುವ ಅರ್ಹತೆ ನಮ್ಮ ಹೋಟೆಲು ಕಾರ್ಮಿಕರಿಗೂ ಗುಮಾಸ್ತರಿಗೂ ಮತ್ತಾರಿಗಿಂತಲೂ ಕಡಿಮೆಯಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಮತ.

ಈ ಪೆಟ್ಟಿಗೆಗಳ ಇತಿಹಾಸವೇ ನಮ್ಮ ಮಾತಿಗೆ ಸಾಕ್ಷಿಯಾಗಿದೆ. ಹಂಗೆರಿಯಲ್ಲಿ ಹುಟ್ಟಿ, ಊರು ಬಿಟ್ಟು, ಲಂಡನ್ನಿಗೆ ಬಂದ ನಿಕೊಲಸ್ ಕೋವ್ ಎಂಬಾತನು ೧೯೩೯ರಲ್ಲಿ ಏರ್‌ಫಿಕ್ಸ್ ಕಂಪೆನಿಯನ್ನು ಸ್ಥಾಪಿಸಿದನು. ಗಾಳಿ ತುಂಬುವ ರಬ್ಬರಿನ ಆಟಿಕೆಗಳಿಂದ ಆರಂಭಿಸಿ, ಬಳಿಕ ಬಾಚಣಿಗೆಗಳನ್ನು ಮಾಡುತ್ತಿದ್ದ ಈ ಕಂಪೆನಿಯು ೧೯೫೦ರ ದಶಕದ ಮೊದಲರ್ಧದಲ್ಲಿ ಡ್ರೇಕನ ‘ಗೋಲ್ಡನ್ ಹಿಂಡ್’ ನೌಕೆಯ ಪುಟ್ಟ ಪ್ರತಿಕೃತಿಯನ್ನು ಹೊರತಂದಿತು. ವುಲ್‌ವರ್ತ್ ಅಂಗಡಿಗಳಲ್ಲಿ ಅದರ ಬೆಲೆ ೨ ಷಿಲಿಂಗು. ರಟ್ಟಿನ ಡಬ್ಬಿಯೂ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿಯೇ ಅದನ್ನು ಮಾರುತ್ತಿದ್ದರು. ಅಮೆರಿಕೆಯ ಕ್ಯಾಲಿಫೋರ್ನಿಯಾದ ರೆವೆಲ್ ಕಂಪೆನಿಯು ೧೯೫೩ರಲ್ಲಿ ‘ಮಿಸೌರಿ’ ಯುದ್ಧನೌಕೆಯನ್ನೂ ೧೯೫೯ರಲ್ಲಿ ‘ಕಟಿ ಸಾರ್ಕ್’ ಎಂಬ ಹಾಯಿಹಡಗನ್ನೂ ಇದೇ ರೀತಿ ಬಿಡಿಭಾಗಗಳಾಗಿ ಅಚ್ಚು ಹೊಯ್ದಿತು. ಇವೆಲ್ಲವೂ ಸಾಮಾನ್ಯ ಜನರ ಕೈಗೆ ಎಟುಕಲೆಂದು ಮಾಡಿದ ಸರಕುಗಳೇ ಹೊರತು, ಶ್ರೀಮಂತರ ಕಪಾಟಿಗಾಗಿ ಹುಟ್ಟಿದವುಗಳಲ್ಲ.

ಉದಾಹರಣೆಗೆ ಕಟಿ ಸಾರ್ಕನ್ನೇ ತೆಗೆದುಕೊಳ್ಳೋಣ. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಕಟ್ಟಿದ ಈ ನೌಕೆಯು ನೀರಿಗಿಳಿದದ್ದು ೧೮೬೯ರ ನವೆಂಬರಿನಲ್ಲಿ. ಸೂಯೆಜ್ ಕಾಲುವೆ ತೆರೆದುದೂ ಅದೇ ತಿಂಗಳಲ್ಲಿ. ಚೀನದಿಂದ ಚಹ ತರಲೆಂದು ಹುಟ್ಟಿದ ಹಡಗಿನ ಕಸುಬಿಗೆ ಹುಟ್ಟಿದ ತಿಂಗಳಲ್ಲಿಯೇ ಕುತ್ತು ಬಂದಿತೆನ್ನಬೇಕು. ಕಾಲುವೆಯ ಹತ್ತಿರದ ಹಾದಿ ಉಗಿಹಡಗುಗಳ ಪಾಲಾಯಿತು. ೧೮೭೨ರಲ್ಲಿ ಈ ನೌಕೆಯು ‘ಥರ್ಮೋಪಿಲಿ’ ಎಂಬ ಇನ್ನೊಂದು ನೌಕೆಯೊಡನೆ ಷಾಂಘೈಯಿಂದ ಲಂಡನ್ನಿಗೆ ಪೈಪೋಟಿಯಲ್ಲಿ ಹೊರಟಿತು. ಮುಂದಿದ್ದ ಕಟಿ ಸಾರ್ಕಿನ ಚುಕ್ಕಾಣಿಯು ನಡುಗಡಲಿನಲ್ಲಿ ಕಳಚಿ ಹೋಯಿತು. ಆಗ ಹಡಗಿನ ಬಡಗಿಯಾದ ಹೆನ್ರಿ ಹೆಂಡರ್ಸನ್ ಎಂಬವನು ಹಡಗಿನಲ್ಲಿದ್ದ ಮರ ಕಬ್ಬಿಣಗಳಿಂದಲೇ, ಹೊಯ್ದಾಡುವ ಅಟ್ಟದ ಮೇಲೆ, ಹೊಸ ಚುಕ್ಕಾಣಿಯನ್ನು ಮಾಡಿಕೊಟ್ಟನು. ಥರ್ಮೋಪಿಲಿ ಒಂದು ವಾರ ಮೊದಲು ಲಂಡನ್ನು ಸೇರಿತು, ನಿಜ. ಆದರೆ ಇಂದಿಗೂ ಜನರು ಹೇಳಿಕೊಳ್ಳುವುದು ಹಿಂದುಳಿದ ಹಡಗಿನ ಬಡಗಿಯ ಕತೆಯನ್ನು. ಮುಂದೆ ಆಸ್ಟ್ರೇಲಿಯದ ಉಣ್ಣೆಯನ್ನು ಹೊತ್ತು ಅದು ವೇಗಕ್ಕೆ ಹೆಸರಾಯಿತು. ೧೯೫೪ರಿಂದ ಗ್ರೀನಿಚ್ಚಿನಲ್ಲಿದೆ, ೨೦೦೭ರಲ್ಲಿ ಬೆಂಕಿಗೆ ತುತ್ತಾಗಿ, ೨೦೧೨ರಲ್ಲಿ ಮತ್ತೆ ಜನರ ದರ್ಶನಕ್ಕೆ ತೆರೆಯಿತು.

ರೆವೆಲ್ಲಿನ ಪ್ರತಿಕೃತಿ ಮೂಲದ ೯೬ರಲ್ಲಿ ೧ ಪಾಲು. ಅಂದರೆ ೮ ಅಡಿಗೆ ೧ ಅಂಗುಲ. ಲೆಕ್ಕ ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಇದರಲ್ಲಿಯೇ ಅರ್ಧ ಸಂತೋಷವುಂಟು. ಮೂತಿಯಿಂದ ಹಿಂಬದಿಯವರೆಗೆ ೨೮೦ ಅಡಿಯ ಹಡಗು ೩೫ ಅಂಗುಲವಾಗುತ್ತದೆ; ೧೫೨ ಅಡಿಯ ನಡುಗಂಬವು ೧೯ ಅಂಗುಲವಾಗುತ್ತದೆ; ೬ ಅಡಿಯ ನಾವಿಕನು ಮುಕ್ಕಾಲು ಅಂಗುಲಕ್ಕೆ ಇಳಿಯುತ್ತಾನೆ. ಮೂಲ ನೌಕೆಯಲ್ಲಿ ೧೧ ಮೈಲಿ ಹಗ್ಗವಿತ್ತೆಂದು ಹೇಳುತ್ತಾರೆ; ಅದನ್ನು ೯೬ರಿಂದ ಭಾಗಿಸಿದರೆ ೬೦೫ ಅಡಿ ದಾರ!

ಇನ್ನು ಕೆಲಸದ ಕ್ರಮ. ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬುವುದರಿಂದ ಭಾಗಗಳು ತೊಟ್ಟಿಗಂಟಿದ ಕಾಯಿಗಳಂತೆ ಒಂದು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಅಚ್ಚು ಸವೆದಿದ್ದರೆ ಅಂಚುಗಳಲ್ಲಿ ತೆಳು ಸಿಪ್ಪೆ ಉಳಿದಿರುತ್ತದೆ. ಮೊದಲು ಸಾಬೂನು ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡನ್ನು ಕಳೆಯಬೇಕು. ಆ ಮೇಲೆ ಚಾಕುವಿನಿಂದ ಸಿಪ್ಪೆಯನ್ನು ಹೆರೆದು, ಮರಳುಕಾಗದದಿಂದ ಉಜ್ಜಬೇಕು. ಇದಕ್ಕೆ ಬಳಸುವ ಅಂಟು ಗೋಂದಿನಂತಹುದಲ್ಲ. ಅದು ಎರಡು ಅಂಚುಗಳನ್ನು ಕರಗಿಸಿ ಒಂದು ಮಾಡುವ ದ್ರವವಾದುದರಿಂದ ಹೆಚ್ಚು ಹಚ್ಚಿದರೆ ಕೆಲಸ ಕೆಡುತ್ತದೆ. ಪ್ಲಾಸ್ಟಿಕ್ಕಿನ ಕಂಬಗಳು ದಾರದ ಬಿಗಿಗೆ ಬಾಗುತ್ತವೆ. ಆದುದರಿಂದ ಒಳಗೆ ಹಿತ್ತಾಳೆಯ ತಂತಿಯನ್ನು ಸೇರಿಸುವುದು ಜಾಣತನ. ನೂಲನ್ನು ಜೇನುಮೇಣದ ಮೇಲೆ ಎಳೆದರೆ ಅದರ ಜುಂಗು ಅಡಗಿ ಹಗ್ಗದ ಹೋಲಿಕೆ ಬರುತ್ತದೆ. ಅಟ್ಟಕ್ಕೆ ಮಾಸಲು ಹಳದಿಯನ್ನು ಬಳಿದು, ಒಣಗಿದ ಬಳಿಕ ತೆಳುಮಾಡಿದ ಕಂದುಬಣ್ಣವನ್ನು ಹರಿಯಬಿಟ್ಟರೆ ಗೀರುಗಳಲ್ಲಿ ಬಣ್ಣ ನಿಂತು ಹಲಗೆಗಳು ಎದ್ದು ಕಾಣುತ್ತವೆ. ಹಳದಿಗಟ್ಟಿದ ಹಳೆಯ ಅಂಟುಚಿತ್ರಗಳನ್ನು ಕೆಲವು ದಿನ ಕಿಟಕಿಯ ಗಾಜಿಗಂಟಿಸಿ ಬಿಸಿಲಿಗೆ ಒಡ್ಡಿದರೆ ಬಿಳುಪು ಮರಳುವುದುಂಟು. ಯಾವ ಹಂತದಲ್ಲಿಯೂ ಅವಸರ ಸಲ್ಲದು. ಹಿಟ್ಟು ಹುಳಿಯುವ ಮುನ್ನ ದೋಸೆ ಹೊಯ್ದರೆ ಏನಾಗುವುದೆಂಬುದನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ಹೋಟೆಲಿನ ಗಲ್ಲೆಯ ಹಿಂದೆ ವರ್ಷಗಟ್ಟಳೆ ಕುಳಿತವರಾದ ನಾವು ಒಂದು ಸಂಗತಿಯನ್ನು ಬಲ್ಲೆವು. ಬೆಳಗಿನ ಜಾವಕ್ಕೆದ್ದು ನೂರಾರು ದೋಸೆ ಹೊಯ್ಯುವ ಭಟ್ಟರ ಕೈಕೆಲಸದಲ್ಲಿ ಮಧ್ಯಾಹ್ನಕ್ಕೆ ಒಂದೂ ಉಳಿದಿರುವುದಿಲ್ಲ. ಉಳಿಯದಿರುವುದೇ ಅವರ ಯಶಸ್ಸು. ಗುಮಾಸ್ತನು ಬರೆದ ಕಾಗದಪತ್ರ ಮೇಲಿನವರ ರುಜುವನ್ನು ಹೊತ್ತು ಬೇರೆ ಮೇಜಿಗೆ ಹೋಗುತ್ತದೆ. ಹೀಗೆ ಮೂವತ್ತು ವರ್ಷ ದುಡಿದವನು ಊರಿಗೆ ಮರಳುವಾಗ, ಇದು ನನ್ನ ಕೈಯಿಂದ ಆದದ್ದೆಂದು ತೋರಿಸುವುದಕ್ಕೆ ಅವನ ಟ್ರಂಕಿನಲ್ಲಿ ಏನೂ ಇರುವುದಿಲ್ಲ. ಸಂಬಳ ಹೊಟ್ಟೆಗಾಯಿತು, ಮನೆಗಾಯಿತು. ಮನಸ್ಸಿಗೆ? ರಜೆಯ ದಿನವೊಂದು ಸಿಕ್ಕರೆ ಅದೂ ನಿದ್ರೆಗೆ, ಸಿನಿಮಾಕ್ಕೆ, ಕೆಲವೊಮ್ಮೆ ಇಸ್ಪೀಟಿಗೆ ವೆಚ್ಚವಾಗುತ್ತದೆ. ನಿದ್ರೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ವಾರಕ್ಕೆರಡು ತಾಸು ಯಜಮಾನನಿಗಾಗಲಿ ಗಿರಾಕಿಗಾಗಲಿ ಅಲ್ಲದೆ ತನಗಾಗಿಯೇ ಕೈಯಾಡಿಸಿದವನು ಬೇರೆ ಮನುಷ್ಯನಾಗುತ್ತಾನೆಂಬುದು ನಮ್ಮ ನಂಬಿಕೆ. ಬಡಗಿ ಹೆಂಡರ್ಸನ್ನನ ಹೆಮ್ಮೆಯಲ್ಲಿ ಒಂದು ಪಾಲನ್ನು ಅವನೂ ಪಡೆಯುತ್ತಾನೆ.

ನಮಗೂ ಸಮುದ್ರಕ್ಕೂ ಸಂಬಂಧವೇನೆಂದು ಯಾರೂ ಕೇಳಬೇಕಾಗಿಲ್ಲ. ಕರಾವಳಿಯಿಂದ ಬಂದ ನಮ್ಮ ಅನೇಕ ವಾಚಕರಿಗೆ ಮಚ್ವೆ, ಪತ್ತೆಮಾರಿಗಳು ಹೊಸ ಹೆಸರುಗಳಲ್ಲ. ಮಂಗಳೂರಿನ ಹಂಚು ಮುಂಬಯಿಗೆ ಬಂದುದು ಪತ್ತೆಮಾರಿಗಳಲ್ಲಿ. ಮುಂಬಯಿಯ ಗೋದಿಯಲ್ಲಿ ವಾಡಿಯಾ ಮನೆತನದವರು ತೇಗಿನಿಂದ ಕಟ್ಟಿ ೧೮೧೭ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ನೌಕೆಯು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ.

ಅಡಚಣೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಹತ್ತು ಜನ ಮಲಗುವ ಕೋಣೆಯಲ್ಲಿ ೩೫ ಅಂಗುಲದ ಹಡಗಿಗೆ ಎಡೆಯೆಲ್ಲಿ? ಅಂಟು ಮತ್ತು ಬಣ್ಣಗಳ ಆವಿ ಮುಚ್ಚಿದ ಕೋಣೆಯಲ್ಲಿ ಆರೋಗ್ಯಕ್ಕೆ ಕೆಡುಕು. ಬೆಂಕಿಯ ಬಳಿ ಅಪಾಯಕರ. ಆದುದರಿಂದ ತೆರೆದ ಕಿಟಕಿಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಒಬ್ಬನ ಸಂಬಳಕ್ಕೆ ದೊಡ್ಡ ಪೆಟ್ಟಿಗೆ ಭಾರವೂ ಆಗಬಹುದು. ಇದಕ್ಕೆ ನಮ್ಮ ಸಲಹೆ ಸರಳವಾದುದು. ಊರೂರಿನ ಕನ್ನಡ ಸಂಘಗಳು ತಮ್ಮ ವಾಚನಾಲಯದ ಮೂಲೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಗಾಜಿನ ಕಪಾಟನ್ನು ಒದಗಿಸಲಿ. ನಾಲ್ಕೈದು ಜನರು ಕೂಡಿ ಒಂದು ಪೆಟ್ಟಿಗೆಯನ್ನು ಕೊಳ್ಳಲಿ. ಕಂಬ ಒಬ್ಬನದು, ಬಣ್ಣ ಒಬ್ಬನದು, ಹಗ್ಗ ಇನ್ನೊಬ್ಬನದಾಗಲಿ. ಹೋಟೆಲು ಮಾಲೀಕರು ಕೆಲಸಗಾರರ ಕೋಣೆಯ ಗೋಡೆಗೆ ಒಂದು ಹಲಗೆಯನ್ನು ಬಡಿಸಿಕೊಟ್ಟರೆ ಅವರಿಗೆ ನಷ್ಟವೇನೂ ಆಗದು.

ಕೊನೆಯದಾಗಿ, ಪೆಟ್ಟಿಗೆಯನ್ನು ತೆರೆಯದೆ ಇಡಬೇಕೆನ್ನುವವರಿಗೆ ಒಂದು ಮಾತು. ಅಪರೂಪವಾದ ಮೊದಲ ಮುದ್ರಣದ ಪೆಟ್ಟಿಗೆ ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಯಲಿ. ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಕಟಿ ಸಾರ್ಕಿನಂತಹ ಹಳೆಯ ಅಚ್ಚುಗಳಿಂದ ಕಂಪೆನಿಗಳು ಮತ್ತೆ ಮತ್ತೆ ಪೆಟ್ಟಿಗೆಗಳನ್ನು ಹೊರತಂದಿವೆ. ಅವನ್ನೂ ಬೆಲೆಯೇರಲೆಂದು ಬಚ್ಚಿಡುವುದು ಅಕ್ಕಿಯನ್ನು ಬೇಯಿಸದೆ ಮೂಟೆಯನ್ನು ಪೂಜಿಸಿದಂತೆ. ಪೆಟ್ಟಿಗೆಯ ಮೇಲಿರುವುದು ಹಡಗಿನ ಚಿತ್ರ; ಒಳಗಿರುವುದು ಹಡಗಿನ ಸಾಮಗ್ರಿ. ಹಡಗಾಗುವುದು ಮನುಷ್ಯನ ಕೈ ತಾಗಿದ ಮೇಲೆ. ಆ ಕೈ ನಮ್ಮವರದೂ ಆಗಲೆಂದು ನಾವು ಹಾರೈಸುತ್ತೇವೆ.