ಫ್ಯಾಂಟಸಿ ಫುಟ್‌ಬಾಲ್ ಆಡೋಣ: ದುಡ್ಡು ಕಟ್ಟದೆ, ಕನ್ನಡದಲ್ಲೇ



ವಿಶ್ವಕಪ್ ಬಂದರೆ ಕಾಸರಗೋಡಿನ ಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಹಾರುತ್ತೆ. ಆದ್ರೆ ಆ ಆಟದ ಮಾತು ಯಾವ ಭಾಷೇಲಿ ನಡೆಯುತ್ತೆ? ಮೈದಾನದಲ್ಲಿ ಮಲಯಾಳಂ, ಮೊಬೈಲಲ್ಲಿ ಇಂಗ್ಲಿಷ್. ಹೊಸೂರಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ. ಕನ್ನಡ ಮಾತ್ರ ಮನವಿ ಪತ್ರಕ್ಕೆ, ನವೆಂಬರ್ 1ರ ಭಾಷಣಕ್ಕೆ. ಇದು ಬದಲಾಗಬೇಕು. ಮೊದಲ ಹೆಜ್ಜೆಯಾಗಿ ಇಂಗ್ಲೆಂಡಿನ 'ಫ್ಯಾಂಟಸಿ ಪ್ರೀಮಿಯರ್ ಲೀಗ್' ಹೇಗೆ ಆಡೋದು ಅಂತ ಕನ್ನಡದಲ್ಲೇ ತಿಳಿಯೋಣ.

ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್, ಪ್ರತಿ ಕ್ಲಬ್ಬಿಗೆ 38 ಪಂದ್ಯ. ಈ ಆಟದಲ್ಲಿ ನೀವೇ ಮ್ಯಾನೇಜರ್. ಕೈಯಲ್ಲಿ 10 ಕೋಟಿ ಪೌಂಡ್ ಇರುತ್ತೆ, ಲೆಕ್ಕಕ್ಕೆ ಮಾತ್ರ. ಅಷ್ಟರಲ್ಲಿ 15 ಆಟಗಾರರನ್ನು ಕೊಳ್ಳಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಸಲ್ಲದು. ಎರ್ಲಿಂಗ್ ಹಾಲಂಡ್‌ನಂಥ ದುಬಾರಿ ಆಟಗಾರ ಬೇಕಂದ್ರೆ ಬೇರೆ ಜಾಗಕ್ಕೆ ಅಗ್ಗದವರನ್ನು ಹುಡುಕಬೇಕು. ಆಟದ ರುಚಿ ಇರೋದೇ ಅಲ್ಲಿ.

ಪ್ರತಿ ಸುತ್ತಿಗೂ 11 ಜನ ಕಣಕ್ಕೆ, 4 ಜನ ಬೆಂಚಿಗೆ. ನಿಜವಾದ ಪಂದ್ಯದಲ್ಲಿ ಅವರು ಹೇಗೆ ಆಡ್ತಾರೋ ಹಾಗೆ ನಿಮಗೆ ಅಂಕ. 60 ನಿಮಿಷ ಆಡಿದ್ರೆ 2, ಅದಕ್ಕಿಂತ ಕಡಿಮೆ ಆಡಿದ್ರೆ 1. ಗೋಲು ಹೊಡೆದರೆ ಫಾರ್ವರ್ಡ್‌ಗೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. ಗೋಲಿಗೆ ನೆರವಾದರೆ 3. ತಂಡ ಗೋಲು ಬಿಟ್ಟುಕೊಡದಿದ್ರೆ ಕೀಪರ್‌ಗೂ ಡಿಫೆಂಡರ್‌ಗೂ 4. ಹಳದಿ ಕಾರ್ಡಿಗೆ 1, ಕೆಂಪು ಕಾರ್ಡಿಗೆ 3 ಅಂಕ ಕಡಿತ. ನೀವು ಆರಿಸಿದ ನಾಯಕನ ಅಂಕ ದುಪ್ಪಟ್ಟು. ಪೂರ್ತಿ ಪಂದ್ಯ ಆಡಿ ಎರಡು ಗೋಲು ಹೊಡೆದ ಫಾರ್ವರ್ಡ್‌ಗೆ 10 ಅಂಕ ಬಂದ್ರೆ, ಅವನೇ ನಿಮ್ಮ ನಾಯಕನಾಗಿದ್ರೆ 20.

ಪ್ರತಿ ಸುತ್ತಿಗೆ ಒಬ್ಬ ಆಟಗಾರನನ್ನು ಪುಕ್ಕಟೆ ಬದಲಿಸಬಹುದು. ಅದಕ್ಕಿಂತ ಹೆಚ್ಚು ಬದಲಿಸಿದ್ರೆ ತಲಾ 4 ಅಂಕ ಹೋಗುತ್ತೆ. ಸುತ್ತಿನ ಮೊದಲ ಪಂದ್ಯಕ್ಕೆ 90 ನಿಮಿಷ ಇರುವಾಗಲೇ ಬಾಗಿಲು ಮುಚ್ಚುತ್ತೆ. ಹೊಸಬರು ಎಡವೋದು ಇಲ್ಲೇ: ಒಂದು ಪಂದ್ಯದಲ್ಲಿ ಮಿಂಚಿದವನ ಹಿಂದೆ ಓಡಿ ಅಂಕ ಕಳ್ಕೊಳ್ತಾರೆ. ಮುಂದಿನ ನಾಲ್ಕೈದು ಪಂದ್ಯ ಯಾರ ಎದುರು ಅಂತ ನೋಡಿ, ತಾಳ್ಮೆಯಿಂದ ಇರಿ.

ಒಂದು ಮಾತು ಖಡಾಖಂಡಿತ: ದುಡ್ಡು ಕಟ್ಟಿ ಆಡಬೇಡಿ. ಈ ಆಟಕ್ಕೆ ಪ್ರವೇಶ ಶುಲ್ಕವೇ ಇಲ್ಲ. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಜೂಜಿನ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟಕ್ಕೆ ತಡೆ ಹಾಕಿದವು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧ ಕಾಯ್ದೆ ಪಾಸು ಮಾಡಿತು. "ನೂರು ರೂಪಾಯಿ ಹಾಕು, ಗೆದ್ದವನಿಗೆಲ್ಲ" ಅಂತ ಗೆಳೆಯರ ಗುಂಪಲ್ಲಿ ಶುರುವಾದ್ರೂ ಅದು ಜೂಜೇ. ಗೆದ್ದವರಿಗೆ ಒಂದು ಕನ್ನಡ ಪುಸ್ತಕ ಕೊಡಿ, ಸಾಕು.

"ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರೋ ಕಾಲದಲ್ಲಿ ಆಟದ ಮಾತೇ?" ಅಂತ ಹಿರಿಯರು ಕೇಳಬಹುದು. ಕೇಳಲಿ, ಪ್ರಶ್ನೆ ನ್ಯಾಯವಾದದ್ದೇ. ಶಾಲೆ, ಪ್ರಶ್ನೆಪತ್ರಿಕೆ, ಕಚೇರಿಯ ಅರ್ಜಿಗಾಗಿ ಹೋರಾಟ ನಿಲ್ಲಬಾರದು. ಆದ್ರೆ ಹಕ್ಕು ಸಿಕ್ಕಿದ ದಿನ ಅದನ್ನು ಬಳಸುವ ಹುಡುಗರು ಇರಬೇಕಲ್ಲ? ನಕ್ಕು, ಕಾಲೆಳೆದು, ಜಗಳ ಆಡುವಾಗ ಬಾಯಿಗೆ ಬಾರದ ಭಾಷೆ ಅರ್ಜಿಯಲ್ಲಿ ಎಷ್ಟು ದಿನ ಉಳಿದೀತು?

ಈ ಆಟದಲ್ಲಿ ನಿಮ್ಮದೇ ಖಾಸಗಿ ಲೀಗ್ ಕಟ್ಟಬಹುದು. ಒಂದು ಕೋಡ್ ಸಿಗುತ್ತೆ, ಅದನ್ನು ಹಂಚಿದ್ರೆ ಯಾರು ಎಲ್ಲಿಂದ ಬೇಕಾದ್ರೂ ಸೇರಬಹುದು. ಮಂಜೇಶ್ವರದ ಹುಡುಗ, ತಾಳವಾಡಿಯ ಹುಡುಗಿ, ಜತ್ತ, ಅಕ್ಕಲಕೋಟೆ, ಆದೋನಿ, ಮಡಕಶಿರಾದವರು ಒಂದೇ ಪಟ್ಟಿಯಲ್ಲಿ. ನಾಲ್ಕು ರಾಜ್ಯದ ಗಡಿ ನಮ್ಮನ್ನು ಬೇರೆ ಮಾಡಿದೆ. ನಮ್ಮ ನಡುವೆ ಸಾಮಾನ್ಯವಾಗಿ ಉಳಿದಿರೋದು ಕನ್ನಡ ಒಂದೇ. ಲೀಗಿನ ಗುಂಪಿಗೆ ಒಂದೇ ನಿಯಮ ಇರಲಿ: ಮಾತೆಲ್ಲ ಕನ್ನಡದಲ್ಲಿ. ನಿಮ್ಮೂರಿನ ಕನ್ನಡ ಹೇಗಿದ್ರೂ ಸರಿ, ಯಾರೂ ತಿದ್ದಬಾರದು.

ನಿಮ್ಮ ತಂಡಕ್ಕೆ ನಿಮ್ಮೂರಿನ ಹೆಸರಿಡಿ. ಮೊದಲ ಸುತ್ತಿಗೆ ನಿಮ್ಮ ನಾಯಕ ಯಾರು, ಯಾಕೆ ಅಂತ ಕೆಳಗೆ ಕನ್ನಡದಲ್ಲೇ ಬರೀರಿ.