ತೊಟ್ಟಿ ಯಾರ ಪಾಲಿಗೆ?

ಊರಿನ ಹಳೇ ಮನೆ ರಿಪೇರಿ ಮಾತು ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು ಅಂದ್ರೆ ಮೊದಲು ಕಣ್ಣು ಬೀಳೋದು ತೊಟ್ಟಿ ಮೇಲೆ. ‘ಅಷ್ಟು ಜಾಗ ಸುಮ್ನೆ ಖಾಲಿ ಬಿದ್ದಿದೆ, ಮೋಲ್ಡ್ ಹಾಕಿಸಿದ್ರೆ ಇನ್ನೊಂದು ರೂಮಾಗತ್ತೆ’ ಅಂತ ಒಬ್ಬರಾದರೂ ಹೇಳ್ತಾರೆ. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಕಡೆ ತೊಟ್ಟಿ ಮನೆ ಇರೋ ಕುಟುಂಬಗಳಿಗೆ ಇದು ಹೊಸ ಮಾತಲ್ಲ.

ಆದರೆ ಆ ಖಾಲಿ ಜಾಗ ಸುಮ್ನೆ ಕೂತಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿರುವ ಬೀದಿಯಲ್ಲಿ ಪಕ್ಕಕ್ಕೆ ಕಿಟಕಿ ಇಡೋಕಾಗಲ್ಲ. ಒಳಕೋಣೆಗೆ ಬೆಳಕು ಬರೋದು ತೊಟ್ಟಿಯಿಂದ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗೋದೂ ಅಲ್ಲಿಂದಲೇ. ನಾಲ್ಕೂ ಕಡೆಯ ಹೆಂಚಿನ ಸೂರು ಒಳಕ್ಕೆ ಇಳಿಜಾರಾಗಿರೋದ್ರಿಂದ ಮಳೆ ನೀರು ಅಲ್ಲೇ ಬಿದ್ದು, ತೂಬಿನಲ್ಲಿ ಹರಿದು ಮೋರಿ ಸೇರತ್ತೆ. ಮೇಲೆ ಫೈಬರ್ ಶೀಟ್ ಹಾಕಿ ಪೂರ್ತಿ ಮುಚ್ಚಿದ್ರೆ ಬೆಳಕೇನೋ ಉಳಿಯತ್ತೆ, ಗಾಳಿ ನಿಲ್ಲತ್ತೆ. ಏಪ್ರಿಲ್ ಮಧ್ಯಾಹ್ನ ಆ ಪಡಸಾಲೆಯಲ್ಲಿ ಒಂದು ಗಂಟೆ ಮಲಗಿ ನೋಡಿ. ಕೋತಿ ಕಾಟ ಅಂತೀರಾ? ಮೇಲುಕೋಟೆಯವರು ಹೇಳಿದ್ರೆ ಒಪ್ಪಲೇಬೇಕು, ಆದರೆ ಅದಕ್ಕೆ ಕಬ್ಬಿಣದ ಗ್ರಿಲ್ ಸಾಕು. ಶೀಟೇ ಬೇಕು ಅಂದ್ರೆ ಸೂರಿಗಿಂತ ಒಂದೆರಡು ಅಡಿ ಎತ್ತರಿಸಿ, ಸುತ್ತ ಗಾಳಿ ಆಡೋಕೆ ಬಿಡಿ.

ಬಿಟ್ಟ ಜಾಗ ಎಷ್ಟು ಕೆಲಸ ಮಾಡತ್ತೆ ಅಂತ ನೋಡೋಕೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋಗಿ. 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ, ಹೊಯ್ಸಳರದ್ದು. ಗುಡಿ ನಿಂತಿರೋ ಜಗತಿ, ಗೋಡೆಯ ಮೂಲೆ ಮಡಿಕೆಗಳ ಆಕಾರದಲ್ಲೇ ಸಾಗತ್ತೆ. ಆದರೆ ಗೋಡೆಗಿಂತ ಹೊರಗೆ ಚಾಚಿದೆ. ಆ ಚಾಚಿದ ಪಟ್ಟಿಯಲ್ಲಿ ಏನೂ ಇಲ್ಲ, ನೀವು ನಡೀತೀರಿ ಅಷ್ಟೇ. ನಡೀತಾ ಹೋದಂಗೆ ಗೋಡೆಯ ಕೆಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳ ಸಾಲು, ನಡುವೆ ರಾಮಾಯಣ, ಮಹಾಭಾರತದ ಕಥೆ ಕೈಗೆಟಕುವಷ್ಟು ಹತ್ತಿರದಲ್ಲಿ ಬರ್ತಾ ಹೋಗತ್ತೆ. ಜಗತಿ ಗೋಡೆಯ ಅಂಚಿಗೇ ಮುಗಿದಿದ್ರೆ ಅಷ್ಟೂ ಕೆತ್ತನೆಯನ್ನ ಕೆಳಗೆ ನಿಂತು ಕತ್ತೆತ್ತಿ ನೋಡಬೇಕಿತ್ತು. ಕಥೆ ಓದೋಕೆ ಯಾರಿಗೆ ಆಗ್ತಿತ್ತು?

ಮನೆಯಲ್ಲಿ ನಿಜವಾದ ತೊಂದರೆ ಶುರುವಾಗೋದು ಪಾಲಾಗುವಾಗ. ಕೋಣೆ ಹಂಚಬಹುದು, ಹಿತ್ತಲು ಹಂಚಬಹುದು. ತೊಟ್ಟಿ ನಡುವೆ ಗೋಡೆ ಎಬ್ಬಿಸಿದ್ರೆ ಅಣ್ಣನಿಗೊಂದು ಕತ್ತಲೆ ಓಣಿ, ತಮ್ಮನಿಗೊಂದು. ಪಾಲುಪತ್ರ ಬರೆಸುವಾಗ ತೊಟ್ಟಿ ಎಲ್ಲರಿಗೂ ಸೇರಿದ್ದು, ಯಾರೂ ಮುಚ್ಚುವಂತಿಲ್ಲ ಅಂತ ಒಂದು ಸಾಲು ಸೇರಿಸೋಕೆ ವಕೀಲರಿಗೆ ಹೇಳಿ. ಬೆಂಗಳೂರಲ್ಲಿ ಕೂತವರು ಸಹಿ ಹಾಕೋಕೆ ಹೋಗ್ತೀರಲ್ಲ, ಆಗಲೇ. ಗೋಡೆ ಎದ್ದ ಮೇಲೆ ಸೂರಿನ ನೀರು ಯಾರ ಕಡೆ ಬೀಳಬೇಕು ಅನ್ನೋ ಜಗಳ ಬೇರೆ ಇರತ್ತೆ.